ಗುನಿಲ್ಡಾ (ಮುಳುಗಿದ ನೌಕೆ)

ಕೆನಡಾದ ಒಂಟಾರಿಯೊ ಪ್ರಾಂತ್ಯದ ರಾಸ್‌ಪೋರ್ಟ್ ಬಳಿ, ಸುಪೀರಿಯರ್ ಸರೋವರದಲ್ಲಿ 1911ರಲ್ಲಿ ಮುಳುಗಿದ ಉಗಿ ವಿಹಾರನೌಕೆ. 1897ರಲ್ಲಿ ಸ್ಕಾಟ್ಲೆಂಡಿನ ಲೀತ್‌ನಲ್ಲಿ ಕಟ್ಟಿದ್ದು. ಉದ್ದ ಸುಮಾರು 59 ಮೀಟರ್. ಸ್ಟ್ಯಾಂಡರ್ಡ್ ಆಯಿಲ್ ಸಂಪತ್ತಿಗೆ ಬಾಧ್ಯನಾಗಿದ್ದ ವಿಲಿಯಂ ಹಾರ್ಕ್‌ನೆಸ್ ಇದರ ಒಡೆಯ.

ನೀರಿನ ಒಳಗುಟ್ಟು ಬಲ್ಲ ಸ್ಥಳೀಯ ಮಾರ್ಗದರ್ಶಿಗೆ ಹಣ ಕೊಡಲು ಹಾರ್ಕ್‌ನೆಸ್ ಒಪ್ಪಲಿಲ್ಲ. ನೌಕೆ ಮ್ಯಾಕ್‌ಗಾರ್ವಿ ದಿಬ್ಬದ ಬಂಡೆಯನ್ನೇರಿ ಕುಳಿತಿತು. ಜೇಮ್ಸ್ ವೇಲನ್ ಎಂಬ ಟಗ್ ಅದನ್ನು ಎಳೆಯುವಾಗ ಪಕ್ಕಕ್ಕೆ ವಾಲಿ, ನೀರು ನುಗ್ಗಿ ತಳ ಸೇರಿತು. ಯಾರೂ ಸಾಯಲಿಲ್ಲ, ಜಿಪುಣತನಕ್ಕೆ ತೆತ್ತ ಬೆಲೆ ಇಡೀ ಹಡಗು.

1967ರಲ್ಲಿ ಪತ್ತೆಯಾದ ಗುನಿಲ್ಡಾ ಸುಮಾರು 80 ಮೀಟರ್ ಆಳದಲ್ಲಿ ನೆಟ್ಟಗೆ ಕೂತಿದೆ. ಉಪ್ಪಿಲ್ಲದ ತಣ್ಣೀರಿನಲ್ಲಿ ಉಕ್ಕು ನಿಧಾನವಾಗಿ ತುಕ್ಕು ಹಿಡಿಯುತ್ತದೆ. ಮರ ಕೊರೆಯುವ ಕಡಲಹುಳು ಸಿಹಿನೀರಲ್ಲಿ ಬದುಕುವುದಿಲ್ಲ. ಹಾಗಾಗಿ ಮೂತಿಯ ಚಿನ್ನದ ಲೇಪದ ಕುಸುರಿ ಕೂಡ ಉಳಿದಿದೆ. 1980ರಲ್ಲಿ ಫ್ರೆಂಚ್ ಸಾಗರ ಅನ್ವೇಷಕ ಜಾಕ್ ಕುಸ್ತೊ ಅವರ ತಂಡ ಕ್ಯಾಲಿಪ್ಸೊ ಹಡಗಿನಲ್ಲಿ ಇಲ್ಲಿಗೆ ಬಂದಿತ್ತು.

ಇಲ್ಲಿಗೆ ಇಳಿಯುವುದು ಮಾತ್ರ ಪಳಗಿದವರಿಗೂ ಗಂಡಾಂತರದ ಕೆಲಸ. ತಳದಲ್ಲಿ ಒತ್ತಡ ಮೇಲ್ಮೈಯ ಒಂಬತ್ತು ಪಟ್ಟು. ಸಾಮಾನ್ಯ ಗಾಳಿಯನ್ನೇ ಉಸಿರಾಡಿದರೆ ಅದರಲ್ಲಿನ ಸಾರಜನಕ ಮತ್ತೇರಿಸುತ್ತದೆ, ಆಮ್ಲಜನಕ ವಿಷವಾಗುತ್ತದೆ. ಆದ್ದರಿಂದ ಹೀಲಿಯಂ ಬೆರೆಸಿದ ಟ್ರೈಮಿಕ್ಸ್ ಬೇಕು. ಹೀಲಿಯಂ ಮೈಯ ಶಾಖವನ್ನು ಬೇಗ ಕದಿಯುವುದರಿಂದ ನೀರು ಒಳಬಿಡದ ಉಡುಪಾದ ಡ್ರೈಸೂಟಿಗೆ ಅದನ್ನು ತುಂಬುವುದಿಲ್ಲ. ಹಲವರು ಅದಕ್ಕೆಂದೇ ಆರ್ಗಾನ್ ಸಿಲಿಂಡರ್ ಒಯ್ಯುತ್ತಾರೆ. 4 ಡಿಗ್ರಿ ಸೆಲ್ಸಿಯಸ್ ಸುಮಾರಿನಲ್ಲಿ ನೀರಿನ ಸಾಂದ್ರತೆ ಗರಿಷ್ಠ; ಆಳದಲ್ಲಿ ಬೇಸಿಗೆಯಲ್ಲೂ ಅದೇ ಚಳಿ. ಸಿಲಿಂಡರಿನಿಂದ ಹಿಗ್ಗುತ್ತ ಬರುವ ಅನಿಲ, ಅದನ್ನು ಉಸಿರಾಟಕ್ಕೆ ಒದಗಿಸುವ ರೆಗ್ಯುಲೇಟರನ್ನು ಇನ್ನಷ್ಟು ತಣಿಸುತ್ತದೆ. ಸಮುದ್ರದ ನೀರಿಗಿಂತ ಸಿಹಿನೀರು ಬೇಗ ಹೆಪ್ಪುಗಟ್ಟುವ ಕಾರಣ ಕವಾಟದೊಳಗೆ ಮಂಜು ಕಟ್ಟಿ, ಅದು ತೆರೆದೇ ಉಳಿದು, ಅನಿಲವೆಲ್ಲ ಸೋರಿಹೋಗಬಹುದು. ಮಂಜು ಕಟ್ಟದಂತೆ ಮುಚ್ಚಿದ ಎರಡು ರೆಗ್ಯುಲೇಟರ್‌ಗಳು ಅನಿವಾರ್ಯ. ತಳದಲ್ಲಿ ಇಪ್ಪತ್ತು ನಿಮಿಷ ಕಳೆದವರು ಹಂತಹಂತವಾಗಿ ಮೇಲೇರಲು ಗಂಟೆಗೂ ಹೆಚ್ಚು ಹೊತ್ತು ಬೇಕು. ಚಳಿಗೆ ಕೈಕಾಲಿನ ರಕ್ತನಾಳಗಳು ಕುಗ್ಗಿ, ದೇಹ ಸೇರಿದ ಅನಿಲ ಹೊರಬರುವುದೂ ತಡವಾಗುತ್ತದೆ. ಬೆರಳು ಮರಗಟ್ಟಿದರೆ ಕವಾಟ ತಿರುಗಿಸುವುದೂ ಕಷ್ಟ.

1970ರಲ್ಲಿ ಒಬ್ಬ, 1989ರಲ್ಲಿ ಇನ್ನೊಬ್ಬ ಮುಳುಗುಗಾರ ಇಲ್ಲಿ ಪ್ರಾಣ ಕಳೆದುಕೊಂಡರು. ಹಡಗನ್ನು ಮೇಲೆತ್ತುವ ಪ್ರಯತ್ನಗಳು ಫಲಿಸಲಿಲ್ಲ. ಫಲಿಸದಿದ್ದುದೇ ಒಳ್ಳೆಯದಾಯಿತು, ಈ ಹಡಗಿಗೆ ಅದು ಮುಳುಗಿರುವ ನೀರಿಗಿಂತ ಒಳ್ಳೆಯ ಸಂಗ್ರಹಾಲಯ ಸಿಗುತ್ತಿರಲಿಲ್ಲ. ಒಂಟಾರಿಯೊದ ಪರಂಪರೆ ಕಾಯಿದೆಯಂತೆ ಪರವಾನಗಿಯಿಲ್ಲದೆ ಇಂಥ ಪುರಾತತ್ವ ನೆಲೆಗಳಿಂದ ಯಾವ ವಸ್ತುವನ್ನೂ ತೆಗೆಯುವಂತಿಲ್ಲ.