ಆಯಿಯ ಕೆನ್ನೆಯ ಮೇಲಿನ ಹಸಿರು

ದೀಪಾವಳಿಗೆ ಖಾನಾಪುರಕ್ಕೆ ಹೋದಾಗ ಅಟ್ಟದ ಮೇಲೆ ಒಂದು ಹಳೆಯ ತೈಲಚಿತ್ರ ಸಿಕ್ಕಿತು. ಎಂಜಿನಿಯರಿಂಗ್ ಎರಡನೇ ವರ್ಷದ ರಜೆಯಲ್ಲಿ ನಾನೇ ಬಿಡಿಸಿದ್ದು. ಹಿತ್ತಲ ಮಾವಿನ ಮರದ ಕೆಳಗೆ ಆಯಿ (ನಮ್ಮ ಕಡೆ ಅಜ್ಜಿಗೆ ಹೀಗೇ ಅನ್ನೋದು) ಮಲ್ಲಿಗೆ ಕಟ್ಟುತ್ತಾ ಕೂತಿದ್ದಾಳೆ. ಅವತ್ತು ಕಣ್ಣಿಗೆ ಕಂಡ ಹಾಗೇ ಅವಳ ಕೆನ್ನೆಗೆ ಒಂಚೂರು ಹಸಿರು, ಸೆರಗಿನ ನೆರಳಿಗೆ ನೇರಳೆ ಹಚ್ಚಿದ್ದೆ. ಆಯಿ ನೋಡಿ, "ನನ್ನ ಮಾರಿಗೆ ಹಸರ ಯಾಕ ಹಚ್ಚೀಯೋ? ಸತ್ತವರಂಗ ಕಾಣ್ತೇನಲ್ಲೋ!" ಅಂತ ನಕ್ಕಿದ್ದಳು. ನನಗೆ ನಾಚಿಕೆಯಾಗಿ ಹಸಿರನ್ನೆಲ್ಲ ಕೆರೆದು ಕಂದು ಬಳಿದುಬಿಟ್ಟೆ..

ಇದೇ ಬೈಗುಳವನ್ನು ದೊಡ್ಡ ದೊಡ್ಡವರೇ ತಿಂದಿದ್ದಾರೆ ಅಂತ ಆಗ ಗೊತ್ತಿರಲಿಲ್ಲ.

1841ರಲ್ಲಿ ಜಾನ್ ರ‍್ಯಾಂಡ್ ಎಂಬ ಅಮೆರಿಕದ ಚಿತ್ರಕಾರ ತವರದ ಟ್ಯೂಬಿಗೆ ಪೇಟೆಂಟ್ ಪಡೆದ. ಅದಕ್ಕೂ ಮೊದಲು ಕಲಸಿದ ಎಣ್ಣೆಬಣ್ಣವನ್ನು ಹಂದಿಯ ಮೂತ್ರಕೋಶದಲ್ಲಿ ಕಟ್ಟಿಡುತ್ತಿದ್ದರು. ಟ್ಯೂಬ್ ಬಂದ ಮೇಲೆ ಬಣ್ಣವನ್ನು ಚೀಲಕ್ಕೆ ಹಾಕಿಕೊಂಡು ತೋಟಕ್ಕೆ ಹೊರಡುವುದು ಸುಲಭವಾಯಿತು. 1866ರಲ್ಲಿ ಕ್ಲೋದ್ ಮೊನೆ 'ತೋಟದಲ್ಲಿ ಹೆಂಗಸರು' ಚಿತ್ರವನ್ನು ಬಯಲಿನಲ್ಲೇ ಶುರು ಮಾಡಿದ. ಕ್ಯಾನ್ವಾಸಿನ ಎತ್ತರ ಸುಮಾರು ಎರಡೂವರೆ ಮೀಟರ್! ಮೇಲ್ಭಾಗ ಕೈಗೆ ಎಟುಕಲೆಂದು ನೆಲದಲ್ಲಿ ಕಂದಕ ತೋಡಿಸಿ, ರಾಟೆ ಕಟ್ಟಿ, ಚಿತ್ರವನ್ನೇ ಕೆಳಗಿಳಿಸುತ್ತಿದ್ದನಂತೆ. ಮರುವರ್ಷ ಪ್ಯಾರಿಸ್ಸಿನ ಸಲಾನ್ ಪ್ರದರ್ಶನ ಅದನ್ನು ತಿರಸ್ಕರಿಸಿತು. ಗೆಳೆಯ ಬಾಜೀಲ್ 2,500 ಫ್ರಾಂಕಿಗೆ ಕೊಂಡು ಕಂತಿನಲ್ಲಿ ಹಣ ಕೊಟ್ಟ. 1921ರಲ್ಲಿ ಫ್ರಾನ್ಸ್ ಸರ್ಕಾರ ಅದನ್ನೇ ಎರಡು ಲಕ್ಷ ಫ್ರಾಂಕಿಗೆ ಕೊಂಡಿತು :)

1876ರಲ್ಲಿ ರೆನ್ವಾರ್ ಎಲೆಗಳ ನಡುವೆ ಬಿಸಿಲು ಬಿದ್ದ ಹೆಣ್ಣಿನ ಮೈಯನ್ನು ಪ್ರದರ್ಶನಕ್ಕಿಟ್ಟ. ವಿಮರ್ಶಕ ಆಲ್ಬರ್ಟ್ ವುಲ್ಫ್, ಹಸಿರು ನೇರಳೆ ಮಚ್ಚೆಗಳ ಈ ಮೈ ಕೊಳೆಯುತ್ತಿರುವ ಹೆಣದಂತಿದೆ ಎಂದು ಬರೆದ. ನಮ್ಮ ಆಯಿ ಹೇಳಿದ್ದೂ ಅದೇ ಅಲ್ಲವೇ?

ಆದರೆ ಆ ಹಸಿರು ಸುಳ್ಳಲ್ಲ. ಮರದ ಕೆಳಗೆ ಕೂತವರ ಮುಖಕ್ಕೆ ಎಲೆಗಳನ್ನು ಹಾದು ಬಂದ ಬೆಳಕು ಬೀಳುತ್ತದೆ. ನೆರಳಿಗೆ ಆಕಾಶದ ನೀಲಿ ಸೇರುತ್ತದೆ. ಇನ್ನೊಂದು ಕಾರಣವೂ ಇದೆ. ಪ್ಯಾರಿಸ್ಸಿನ ಗೋಬೆಲಿನ್ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣದ ಉಸ್ತುವಾರಿ ನೋಡುತ್ತಿದ್ದ ರಸಾಯನಶಾಸ್ತ್ರಜ್ಞ ಶೆವ್ರೂಲ್‌ಗೆ ಕಪ್ಪು ದಾರ ಪೇಲವವಾಗಿದೆ ಎಂದು ದೂರು ಬಂತು. ಹುಡುಕಿದರೆ ಬಗ್ ಇದ್ದದ್ದು ಕಪ್ಪಿನಲ್ಲಲ್ಲ, ಪಕ್ಕದ ನೀಲಿ ನೇರಳೆಗಳಲ್ಲಿ! ಒಂದು ಬಣ್ಣ ಪಕ್ಕದ ಬಣ್ಣದ ನೋಟವನ್ನೇ ಬದಲಿಸುತ್ತದೆ ಎಂದು 1839ರಲ್ಲಿ ಪುಸ್ತಕ ಬರೆದ. ಹಳದಿ ಬಿಸಿಲಿನ ಪಕ್ಕದ ನೆರಳು ನೇರಳೆಯಾಗಿ ಕಾಣುವುದೂ ಹೀಗೆಯೇ.

ನಮ್ಮಲ್ಲೂ ಬಣ್ಣದ ಬೆನ್ನುಹತ್ತಿದವರಿದ್ದರು. ಬೆಳಗಾವಿಯಲ್ಲಿ ಕೆ.ಬಿ. ಕುಲಕರ್ಣಿಯವರು 'ಚಿತ್ರಮಂದಿರ' ನಡೆಸಿ ಹುಡುಗರಿಗೆ ಕಲಿಸಿದರು. 1935ರಲ್ಲಿ ಬೆಳಗಾವಿಯಲ್ಲೇ ಹುಟ್ಟಿ, ಬಣ್ಣಗಾರಿಕೆಗೆ ಹೆಸರಾಗಿ, 2022ರಲ್ಲಿ ತೀರಿಕೊಂಡ ರವಿ ಪರಾಂಜಪೆ ಅವರ ಶಿಷ್ಯ. ಇನ್ನು ಬೆಂಗಳೂರಿನ ರುಮಾಲೆ ಚನ್ನಬಸವಯ್ಯನವರು (1910-1988) ಸ್ವಾತಂತ್ರ್ಯ ಹೋರಾಟಗಾರರು, 'ತಾಯಿನಾಡು' ಪತ್ರಿಕೆಯ ಸಂಪಾದಕರಾಗಿದ್ದವರು. ರಾಜಕೀಯ ಬಿಟ್ಟು ಮತ್ತೆ ಕುಂಚ ಹಿಡಿದು, ಹೂಬಿಟ್ಟ ಗುಲ್‌ಮೊಹರಿನ ಎದುರೇ ಕೂತು ಚಿತ್ರ ಬರೆದರು.

ಅಟ್ಟದಿಂದ ಇಳಿಸಿದ ಚಿತ್ರವನ್ನು ಹಿತ್ತಲಿಗೆ ಒಯ್ದು ಅದೇ ಮರದ ಕೆಳಗಿಟ್ಟು ನೋಡಿದೆ. ಮರ, ಮಲ್ಲಿಗೆ, ಸೆರಗು ಎಲ್ಲ ಬಿಸಿಲಲ್ಲಿವೆ. ಆಯಿಯ ಮುಖ ಮಾತ್ರ ಒಳಮನೆಯಲ್ಲಿ ಕೂತ ಹಾಗಿದೆ. ತಿದ್ದೋಣವೆಂದರೆ ಎದುರಿಗೆ ಕೂರಲು ಆಯಿ ಇಲ್ಲ. ಹೋಗಿ ನಾಲ್ಕು ವರ್ಷವಾಯಿತು. ನೆನಪಿನಿಂದ ಹಚ್ಚಿದರೆ ಅದು ಅವತ್ತಿನ ಹಸಿರಾಗುವುದಿಲ್ಲ.

ಅಮ್ಮ ಬಂದು ಪಕ್ಕದಲ್ಲಿ ಕೂತಳು. ಅವಳ ಕೆನ್ನೆ ನೋಡಿದೆ. ಹಸಿರು ಅಲ್ಲೂ ಇತ್ತು. "ಅಮ್ಮಾ, ಏಳಬ್ಯಾಡ, ಸ್ವಲ್ಪ ಹಿಂಗ ಕೂಡು" ಅಂದೆ. ಈ ಸಲ ಯಾರು ನಕ್ಕರೂ ಕೆರೆಯುವುದಿಲ್ಲ.