ಹೊಲದಾಗಿನ ಕನ್ನಡ, ಪರೀಕ್ಷೆಯ ಕನ್ನಡ

ಸಿಂಧನೂರು, ಲಿಂಗಸೂಗೂರು, ಮಸ್ಕಿ ಭಾಗದ ವಿದ್ಯಾರ್ಥಿಗಳಿಗೆ ಕನ್ನಡ ವ್ಯಾಕರಣದ ಪ್ರಶ್ನೆ ಮುಖ್ಯವಾಗಿ ಎರಡು ಕಡೆ ಎದುರಾಗುತ್ತದೆ: ಎಸ್ಸೆಸ್ಸೆಲ್ಸಿಯ ಪ್ರಥಮ ಭಾಷೆ ಪತ್ರಿಕೆಯಲ್ಲಿ, ಆಮೇಲೆ ಸರ್ಕಾರಿ ನೇಮಕಾತಿ ಪರೀಕ್ಷೆಗಳಲ್ಲಿ. ಈ ಸೀಮೆಗೆ ಎರಡೂ ತಡವಾಗಿ ಬಂದವು.

1948ರವರೆಗೆ ಇದು ನಿಜಾಮರ ಆಡಳಿತದ ಪ್ರದೇಶ. ಲಿಂಗಸೂಗೂರು 1905ರವರೆಗೆ ತಾನೇ ಒಂದು ಜಿಲ್ಲೆಯಾಗಿತ್ತು. ಬಳಿಕ ರಾಯಚೂರಿಗೆ ಸೇರಿತು. ಕಚೇರಿಯಲ್ಲಿ ಮೊದಲು ಪಾರಸಿ, ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಉರ್ದು. ನೌಕರಿ ಬೇಕಾದವನು ಕಲಿಯಬೇಕಾದದ್ದು ಉರ್ದುವಿನ ಕಾಗದಪತ್ರದ ಶೈಲಿಯನ್ನು. ರಾಯಚೂರಿನಲ್ಲಿ ಪಂಡಿತ ತಾರಾನಾಥರು ಕಟ್ಟಿದ ಹಮ್‌ದರ್ದ್ ಶಾಲೆಯಂಥ ಖಾಸಗಿ ಪ್ರಯತ್ನಗಳು ಇದ್ದವು ನಿಜ, ಆದರೆ ಕನ್ನಡದ ಸಂಧಿ ಸಮಾಸ ಗೊತ್ತಿದ್ದರೆ ಅನ್ನ ಹುಟ್ಟುತ್ತದೆ ಎಂಬ ಸ್ಥಿತಿ ಇರಲಿಲ್ಲ. 1956ರ ನವೆಂಬರ್ 1ರಂದು ರಾಯಚೂರು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. 1966ರಲ್ಲಿ ಪ್ರೌಢಶಿಕ್ಷಣ ಪರೀಕ್ಷಾ ಮಂಡಳಿಯ ಕಾಯ್ದೆ ಬಂದು, ಬೆಂಗಳೂರಿನ ಹುಡುಗನಿಗೂ ಮುದಗಲ್ಲಿನ ಹುಡುಗನಿಗೂ ಒಂದೇ ಪ್ರಶ್ನೆಪತ್ರಿಕೆ ಎಂಬ ಪದ್ಧತಿ ನೆಲೆಗೊಂಡಿತು.

ಇಲ್ಲೊಂದು ವಿಚಿತ್ರವಿದೆ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ಹೆಸರಿಸಿದ ನಾಲ್ಕು ಊರುಗಳಲ್ಲಿ ಕೊಪಣವೂ ಒಂದು. ಆ ಕೊಪಣವೇ ಇಂದಿನ ಕೊಪ್ಪಳ, ಅದು 1997ರವರೆಗೆ ರಾಯಚೂರು ಜಿಲ್ಲೆಯಲ್ಲೇ ಇತ್ತು. ಬರವಣಿಗೆಯ ಗುಣದೋಷಗಳನ್ನು ವಿಂಗಡಿಸಿದ ಆ ಗ್ರಂಥ ಮೆಚ್ಚಿದ ಸೀಮೆಯ ನೆರೆಯವರೇ ಸಾವಿರ ವರ್ಷದ ಮೇಲೆ ತಮ್ಮ ಕನ್ನಡವನ್ನು ಮಂಡಳಿಯ ಪತ್ರಿಕೆಗೆ ತಿದ್ದಿಕೊಳ್ಳಬೇಕಾಯಿತು.

ತಿದ್ದಿಕೊಳ್ಳುವುದು ಎಲ್ಲಿ ಎಂಬುದಕ್ಕೆ ಸಪ್ತಮೀ ವಿಭಕ್ತಿಯೊಂದೇ ಸಾಕು. ಪಠ್ಯದ ಕೋಷ್ಟಕದಲ್ಲಿ ಹೊಸಗನ್ನಡದ ಮುಖ್ಯ ಸಪ್ತಮೀ ಪ್ರತ್ಯಯ ‘ಅಲ್ಲಿ’. ಮಸ್ಕಿಯ ಹುಡುಗಿ ಮನೆಯಲ್ಲಿ ಆಡುವುದು ‘ಹೊಲದಾಗ’, ‘ಊರಾಗ’, ‘ಮನ್ಯಾಗ’. ಈ ‘ಆಗ’ ಬಂದದ್ದು ‘ಒಳಗೆ’ಯಿಂದ, ಅದರ ಬುಡದಲ್ಲಿರುವ ‘ಒಳ್’ ಕೇಶಿರಾಜನ ಶಬ್ದಮಣಿದರ್ಪಣ ಹೇಳುವ ಹಳಗನ್ನಡದ ಸಪ್ತಮಿ. ಅಂದರೆ ಕೋಷ್ಟಕದ ಹಳಗನ್ನಡ ಸಾಲು ಅವಳ ಬಾಯಲ್ಲೇ ಇದೆ, ಉರುಹೊಡೆಯಬೇಕಾದದ್ದು ಹೊಸಗನ್ನಡವನ್ನು. ಪಂಚಮಿಯ ‘ದೆಸೆಯಿಂದ’ವಂತೂ ಆಡುಮಾತಿನಲ್ಲಿ ಅಪರೂಪ. ಶಾಲಾ ವ್ಯಾಕರಣ ಸಂಸ್ಕೃತದ ಅಚ್ಚಿನಲ್ಲಿ ಎರಕಗೊಂಡಿದೆ ಎಂದು ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು ಬಹುಕಾಲ ವಾದಿಸಿದರು. ಪ್ರಶ್ನೆಪತ್ರಿಕೆಯ ಮಟ್ಟಿಗೆ ಅದರಿಂದ ದೊಡ್ಡ ಬದಲಾವಣೆಯೇನೂ ಆಗಲಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನ ಹಿಂದೆ ಬಂದ ತೆಲುಗರ ಕ್ಯಾಂಪುಗಳು, ಸಿಂಧನೂರು ತಾಲ್ಲೂಕಿನ ಬಂಗಾಳಿ ನಿರಾಶ್ರಿತರ ಪುನರ್ವಸತಿ ಕ್ಯಾಂಪುಗಳು ಇವೆಲ್ಲದರ ಮಕ್ಕಳಿಗೆ ಪುಸ್ತಕದ ಕನ್ನಡ ಇನ್ನೂ ದೂರದ್ದು.

ಪ್ರಶ್ನೆಯ ರೂಪವೂ ಬದಲಾಗುತ್ತ ಬಂತು. ಪ್ರಸ್ತಾರ ಹಾಕಿ ಗಣ ವಿಂಗಡಿಸುವುದು, ಅಲಂಕಾರವನ್ನು ಲಕ್ಷಣದೊಂದಿಗೆ ಸಮನ್ವಯಗೊಳಿಸುವುದು, ಗಾದೆ ವಿಸ್ತರಿಸುವುದು, ಪತ್ರ ಬರೆಯುವುದು ಇವು ಕೈಯಿಂದ ಬರೆಯಬೇಕಾದ ಪ್ರಶ್ನೆಗಳು. ಇವುಗಳ ಜೊತೆಗೆ ನಾಲ್ಕು ಆಯ್ಕೆಯ ಪ್ರಶ್ನೆಗಳು ಬೇರೂರಿದವು. ಕೋವಿಡ್ ಕಾಲದ 2021ರ ಜುಲೈ 22ರಂದು ಎಸ್ಸೆಸ್ಸೆಲ್ಸಿಯ ಮೂರೂ ಭಾಷೆಗಳ ಪರೀಕ್ಷೆ ಒಂದೇ ದಿನ, ತಲಾ 40 ಪ್ರಶ್ನೆಗಳಂತೆ, ಓಎಂಆರ್ ಹಾಳೆಯಲ್ಲಿ ನಡೆಯಿತು. ಇಂಥ ಪ್ರಶ್ನೆಗೆ ಉತ್ತರಿಸುವ ಜಾಣತನವೇ ಬೇರೆ. ‘ಮಹೋನ್ನತ’ ಯಾವ ಸಂಧಿ ಎಂದು ಕೇಳಿದರೆ ಮೊದಲು ನೋಡಬೇಕಾದದ್ದು ಎರಡೂ ಪದ ಸಂಸ್ಕೃತವೇ ಎಂಬುದನ್ನು. ಹೌದಾದರೆ ಲೋಪ, ಆಗಮ, ಆದೇಶ ತಾವಾಗಿಯೇ ಬಿದ್ದುಹೋಗುತ್ತವೆ. ಆ-ಕಾರದ ಮುಂದೆ ಉ-ಕಾರ ಬಂದು ಓ-ಕಾರವಾಗಿದೆಯೆಂದರೆ ಗುಣಸಂಧಿ. ‘ಮಳೆಗಾಲ’ದಲ್ಲಿ ಕ-ಕಾರದ ಜಾಗಕ್ಕೆ ಗ-ಕಾರ ಬಂದಿರುವುದು ಕಂಡರೆ ಆದೇಶ. ಪದ ಬಿಡಿಸಲು ಬಂದರೆ ಲಕ್ಷಣ ಬಾಯಿಪಾಠ ಇಲ್ಲದಿದ್ದರೂ ಅಂಕ ಸಿಗುತ್ತದೆ.

ಸಂವಿಧಾನದ 371(ಜೆ) ವಿಧಿ 2013ರಲ್ಲಿ ಜಾರಿಯಾಗಿ, ಈ ಸೀಮೆಯೂ ಸೇರಿದ ಕಲ್ಯಾಣ ಕರ್ನಾಟಕದವರಿಗೆ ಉದ್ಯೋಗ ಮೀಸಲಾತಿ ದೊರೆತ ಮೇಲೆ ಈ ಜಾಣತನಕ್ಕೆ ಬೆಲೆ ಏರಿತು. ಧಾರವಾಡದ ಸಪ್ತಾಪುರಕ್ಕೆ ಹೋಗಿ ಕೋಚಿಂಗ್ ಪಡೆಯುವವರಲ್ಲಿ ಈ ಭಾಗದವರೂ ಇದ್ದಾರೆ. ಲೋಕಸೇವಾ ಆಯೋಗದ ಎಫ್‌ಡಿಎ ಪರೀಕ್ಷೆಯಲ್ಲಿ 150 ಅಂಕದ ಕಡ್ಡಾಯ ಕನ್ನಡದಲ್ಲಿ 50 ಪಡೆದರೆ ದಾಟಿದಂತೆ, ಆ ಅಂಕ ಆಯ್ಕೆಗೆ ಲೆಕ್ಕವಿಲ್ಲ. ಕನ್ನಡದ ಪೈಪೋಟಿ ಇರುವುದು 100 ಅಂಕದ ಸಾಮಾನ್ಯ ಕನ್ನಡದಲ್ಲಿ. ಅಲ್ಲಿ ತಪ್ಪು ಉತ್ತರಕ್ಕೆ ಕಾಲು ಅಂಕ ಕಡಿತ. ‘ಶುದ್ಧ ರೂಪ ಗುರುತಿಸಿ’ ಎಂಬ ಪ್ರಶ್ನೆಯಲ್ಲಿ ‘ಉಜ್ವಲ’, ‘ಉಜ್ಜ್ವಲ’ಗಳ ನಡುವೆ ಊಹೆಯ ಮೇಲೆ ಗೆರೆ ಎಳೆಯುವವನಿಗೆ ಅದು ದುಬಾರಿ.

ಅಭ್ಯರ್ಥಿಯ ಒತ್ತಕ್ಷರವನ್ನು ಅಳೆಯುವ ಆಯೋಗದ ಕನ್ನಡವೇ 2024ರಲ್ಲಿ ಪರೀಕ್ಷೆಗೆ ಒಳಗಾಯಿತು. ಆಗಸ್ಟ್ 27ರ ಕೆಎಎಸ್ ಪೂರ್ವಭಾವಿ ಪರೀಕ್ಷೆಯಲ್ಲಿ ಇಂಗ್ಲಿಷಿನಿಂದ ಕನ್ನಡಕ್ಕೆ ತಂದ ಪ್ರಶ್ನೆಗಳು ಅರ್ಥಗೆಟ್ಟಿದ್ದವು. ಮರುಪರೀಕ್ಷೆಗೆ ಸರ್ಕಾರ ಸೂಚಿಸಿತು. ಡಿಸೆಂಬರ್ 29ರಂದು ನಡೆದ ಆ ಮರುಪರೀಕ್ಷೆಯ ಪತ್ರಿಕೆಯಲ್ಲೂ ಅನುವಾದದ ತಪ್ಪುಗಳು ಸಿಕ್ಕವು.