ತೂಕ ಕಳೆದುಕೊಂಡ ದೇಹ: ಬಾಹ್ಯಾಕಾಶ ವೈದ್ಯಕೀಯದ ಆರು ದಶಕ

1961ರ ಏಪ್ರಿಲ್ 12ರಂದು ಯೂರಿ ಗಗಾರಿನ್ ಕುಳಿತಿದ್ದ ವೊಸ್ತೋಕ್ ನೌಕೆಯ ಕೈಚಾಲನೆ ವ್ಯವಸ್ಥೆಗೆ ಬೀಗ ಹಾಕಲಾಗಿತ್ತು. ಬೀಗ ತೆರೆಯುವ ಸಂಖ್ಯೆ 125. ಅದನ್ನು ಬರೆದ ಚೀಟಿ ಮುಚ್ಚಿದ ಲಕೋಟೆಯೊಳಗಿತ್ತು. ತೂಕವೇ ಇಲ್ಲದ ಸ್ಥಿತಿಯಲ್ಲಿ ಮನುಷ್ಯನಿಗೆ ಬುದ್ಧಿ ಕೆಟ್ಟರೆ ನೌಕೆಯನ್ನು ಏನು ಮಾಡಿಬಿಡುತ್ತಾನೋ ಎಂಬ ದಿಗಿಲು ಕೆಳಗಿದ್ದವರದು. ಲಕೋಟೆ ಒಡೆದು ಸಂಖ್ಯೆ ಓದಿ ಒತ್ತುವಷ್ಟು ಸಮಚಿತ್ತ ಇದ್ದರೆ ನೌಕೆ ನಡೆಸುವಷ್ಟೂ ಇರುತ್ತದೆ ಎಂಬುದು ಅವರ ತರ್ಕ. ತಮಾಷೆಯೆಂದರೆ, ಹಾರುವ ಮೊದಲೇ ಯಾರೋ ಆ ಸಂಖ್ಯೆಯನ್ನು ಗಗಾರಿನ್ ಕಿವಿಗೆ ಹಾಕಿಬಿಟ್ಟಿದ್ದರು.

ಮರುವರ್ಷ ಫೆಬ್ರವರಿಯಲ್ಲಿ ಅಮೆರಿಕದ ಜಾನ್ ಗ್ಲೆನ್ ಭೂಮಿಯನ್ನು ಸುತ್ತಿದಾಗ ಅವರೆದುರಿನ ಫಲಕದ ಮೇಲೆ ಕಣ್ಣಿನ ಡಾಕ್ಟರ ಬಳಿ ಇರುತ್ತದಲ್ಲ, ಅಂಥ ಅಕ್ಷರಪಟ್ಟಿಯ ಪುಟ್ಟ ಪ್ರತಿ ಅಂಟಿಸಿದ್ದರು. ಗುರುತ್ವದ ಎಳೆತ ತಪ್ಪಿದರೆ ಕಣ್ಣುಗುಡ್ಡೆಯ ಆಕಾರ ಬದಲಾಗಿ ದೃಷ್ಟಿ ಮಂಜಾದೀತೆಂಬ ಶಂಕೆ ಇತ್ತು. ಆಹಾರ ಗಂಟಲಿನಲ್ಲಿ ಇಳಿದೀತೇ ಎಂಬ ಅನುಮಾನಕ್ಕೆ ಉತ್ತರವಾಗಿ ಟ್ಯೂಬಿನಲ್ಲಿ ಅರೆದ ಸೇಬು. ಗ್ಲೆನ್ ಅಕ್ಷರಗಳನ್ನು ಓದಿದರು, ಸೇಬನ್ನು ನುಂಗಿದರು, ಸುಖವಾಗಿ ಇಳಿದು ಬಂದರು. ಕಣ್ಣಿನ ಶಂಕೆಯನ್ನು ವೈದ್ಯರು ಕಡತದಿಂದ ತೆಗೆದುಹಾಕಿದರು.

ಅದು ಅವಸರದ ತೀರ್ಮಾನ ಎಂದು ಗೊತ್ತಾಗಲು ಸುಮಾರು ಐವತ್ತು ವರ್ಷ ಬೇಕಾಯಿತು. ಬಾಹ್ಯಾಕಾಶ ವೈದ್ಯಕೀಯದ ಇತಿಹಾಸವೇ ಹಾಗೆ. ಗಗಾರಿನ್‌ರ 108 ನಿಮಿಷದಲ್ಲಿ ಕಾಣದ್ದು ಒಂದು ದಿನದಲ್ಲಿ ಕಂಡಿತು, ಒಂದು ದಿನದಲ್ಲಿ ಕಾಣದ್ದು ಹದಿನೆಂಟು ದಿನದಲ್ಲಿ, ವಾರಗಳಲ್ಲಿ ಕಾಣದ್ದು ತಿಂಗಳುಗಳಲ್ಲಿ. ಅಲ್ಲಿ ಕಳೆದ ಅವಧಿಗಿಂತ ದೊಡ್ಡ ಪರೀಕ್ಷಾ ಉಪಕರಣ ಈ ಶಾಸ್ತ್ರಕ್ಕೆ ಇನ್ನೂ ಸಿಕ್ಕಿಲ್ಲ.

ಒಂದು ದಿನದ ಪಾಠ ಕಲಿಸಿದವರು ಗೆರ್ಮನ್ ಟಿಟೋವ್. 1961ರ ಆಗಸ್ಟ್‌ನಲ್ಲಿ ಇಪ್ಪತ್ತೈದರ ಈ ತರುಣ ಇಪ್ಪತ್ತೈದು ಗಂಟೆಗೂ ಹೆಚ್ಚು ಕಾಲ ಕಕ್ಷೆಯಲ್ಲಿದ್ದರು. ತಲೆ ಸುತ್ತಿತು, ಹೊಟ್ಟೆ ತೊಳಸಿತು, ವಾಂತಿಯಾಯಿತು. ಒಳಗಿವಿಯಲ್ಲಿರುವ ಸಣ್ಣ ಸುಣ್ಣದ ಹರಳುಗಳು ಗುರುತ್ವದ ಎಳೆತಕ್ಕೆ ವಾಲುತ್ತಾ ಮೇಲು ಯಾವುದು, ಕೆಳಗು ಯಾವುದು ಎಂದು ಮಿದುಳಿಗೆ ಹೇಳುತ್ತಿರುತ್ತವೆ. ಕಕ್ಷೆಯಲ್ಲಿ ಅವು ಯಾವ ಕಡೆಗೂ ವಾಲುವುದಿಲ್ಲ. ಕಣ್ಣು ಒಂದು ಹೇಳುತ್ತದೆ, ಕಿವಿ ಇನ್ನೊಂದು ಹೇಳುತ್ತದೆ. ಆಗುಂಬೆ ಘಾಟಿಯ ತಿರುವುಗಳಲ್ಲಿ ಬಸ್ಸಿನ ಕಿಟಕಿಗೆ ತಲೆಯೊಡ್ಡುವವರ ಪಾಡಿಗೂ ಇದಕ್ಕೂ ಮೂಲ ಒಂದೇ. ಮೇಲೆ ಹೋದವರಲ್ಲಿ ಮೂರನೇ ಎರಡರಷ್ಟು ಜನರನ್ನು ಇದು ಮೊದಲೆರಡು ಮೂರು ದಿನ ಕಾಡುತ್ತದೆ; ಆಮೇಲೆ ಮಿದುಳು ಕಿವಿಯ ಮಾತನ್ನು ಕಡೆಗಣಿಸಲು ಕಲಿತು ತಣ್ಣಗಾಗುತ್ತದೆ. ಪ್ರೊಮೆಥಜೀನ್ ಚುಚ್ಚುಮದ್ದು ಬಿಟ್ಟರೆ ಹೇಳಿಕೊಳ್ಳುವಂಥ ಮದ್ದು ಇವತ್ತಿಗೂ ಇಲ್ಲ. ಯಾರಿಗೆ ಆದೀತು, ಯಾರಿಗೆ ಆಗದು ಎಂದು ನೆಲದ ಮೇಲೆ ತಿರುಗುಕುರ್ಚಿಯಲ್ಲಿ ಕೂರಿಸಿ ಮೊದಲೇ ಹೇಳುವ ಪ್ರಯತ್ನವೂ ಅಷ್ಟಾಗಿ ಫಲಿಸಿಲ್ಲ.

ನಿಜವಾದ ಗಾಬರಿ ಹುಟ್ಟಿಸಿದ್ದು 1970ರ ಜೂನ್. ಆಂದ್ರಿಯಾನ್ ನಿಕೊಲಾಯೆವ್ ಮತ್ತು ವಿತಾಲಿ ಸೆವಸ್ತ್ಯಾನೊವ್ ಸೊಯುಜ್ 9ರ ಇಕ್ಕಟ್ಟಿನ ಕೋಣೆಯಲ್ಲಿ ಹದಿನೆಂಟು ದಿನ ಇದ್ದು ಇಳಿದಾಗ ತಮ್ಮ ಕಾಲ ಮೇಲೆ ತಾವು ನಿಲ್ಲಲಾರದ ಸ್ಥಿತಿಯಲ್ಲಿದ್ದರು. ಇಬ್ಬರೂ ಗಟ್ಟಿಮುಟ್ಟಾದ ಆಳುಗಳು. ಹದಿನೆಂಟು ದಿನಕ್ಕೇ ಹೀಗಾದರೆ ತಿಂಗಳುಗಟ್ಟಲೆ ಕಕ್ಷೆಯಲ್ಲಿ ಉಳಿಯುವ ಯೋಜನೆಗಳ ಗತಿಯೇನು? ಮಾಸ್ಕೋದ ಜೈವಿಕ-ವೈದ್ಯಕೀಯ ಸಮಸ್ಯೆಗಳ ಸಂಸ್ಥೆಯಲ್ಲಿ ಒಲೆಗ್ ಗಜೆಂಕೊ ಮತ್ತು ಸಹೋದ್ಯೋಗಿಗಳು ಆಗ ಕೈಗೆತ್ತಿಕೊಂಡ ಉಪಾಯಗಳು ಇಂದಿಗೂ ಬೇರೆ ಬೇರೆ ರೂಪದಲ್ಲಿ ಬಳಕೆಯಲ್ಲಿವೆ. ದಿನವೂ ಕಡ್ಡಾಯ ವ್ಯಾಯಾಮ. ಮೈತುಂಬ ಎಲಾಸ್ಟಿಕ್ ಪಟ್ಟಿ ಹೊಲಿದು, ನೆಟ್ಟಗೆ ನಿಲ್ಲಬೇಕೆಂದರೂ ಸ್ನಾಯು ಬಿಗಿಯಬೇಕಾಗುವ ‘ಪೆಂಗ್ವಿನ್’ ಉಡುಪು. ಸೊಂಟದ ಕೆಳಗೆ ಗಾಳಿಯ ಒತ್ತಡ ತಗ್ಗಿಸಿ ರಕ್ತವನ್ನು ಕಾಲಿನ ಕಡೆಗೆ ಎಳೆಯುವ ‘ಚಿಬಿಸ್’ ಚಲ್ಲಣ.

ರಕ್ತವನ್ನು ಕಾಲಿಗೆ ಎಳೆಯುವುದೇಕೆ? ನೆಲದ ಮೇಲೆ ನಾವು ನಿಂತಿರುವಾಗ ದ್ರವಗಳೆಲ್ಲ ಕೆಳಕ್ಕೆ ಜಗ್ಗುತ್ತವೆ, ಹೃದಯ ಮತ್ತು ರಕ್ತನಾಳಗಳು ಅದರ ವಿರುದ್ಧ ದುಡಿಯುತ್ತವೆ. ಕಕ್ಷೆಯಲ್ಲಿ ಜಗ್ಗುವವರಿಲ್ಲ. ಸುಮಾರು ಎರಡು ಲೀಟರ್ ದ್ರವ ಕಾಲಿನಿಂದ ಎದೆ, ತಲೆಯತ್ತ ಸರಿಯುತ್ತದೆ. ಮುಖ ಊದುತ್ತದೆ, ಮೂಗು ಕಟ್ಟುತ್ತದೆ, ಕಾಲು ಕಡ್ಡಿಯಾಗುತ್ತದೆ. ಮೇಲ್ಭಾಗದಲ್ಲಿ ದ್ರವ ಹೆಚ್ಚಾಗಿದೆ ಎಂದು ತಿಳಿದ ದೇಹ ರಕ್ತದ ನೀರಿನಂಶವನ್ನೇ ಕಡಿಮೆ ಮಾಡಿಕೊಳ್ಳುತ್ತದೆ. ಅಲ್ಲಿಗೆ ಅದು ಸರಿಯಾದ ಲೆಕ್ಕವೇ. ಭೂಮಿಗೆ ಮರಳಿ ಎದ್ದು ನಿಂತ ಕೂಡಲೇ ಲೆಕ್ಕ ತಪ್ಪುತ್ತದೆ: ಇರುವ ಅಷ್ಟಿಷ್ಟು ರಕ್ತವೂ ಕಾಲಿಗೆ ಇಳಿದು ಕಣ್ಣು ಕತ್ತಲಿಟ್ಟುಕೊಂಡು ಬರುತ್ತದೆ. ಇದಕ್ಕೆ ಕಂಡುಕೊಂಡ ಪರಿಹಾರಗಳಲ್ಲಿ ಒಂದು ನಮ್ಮ ಅಜ್ಜಿಯರೂ ಒಪ್ಪುವಂಥದ್ದು. ಇಳಿಯುವ ಮುನ್ನ ಉಪ್ಪಿನ ಮಾತ್ರೆ ನುಂಗಿ ಚೆನ್ನಾಗಿ ನೀರು ಕುಡಿಯುವುದು.

ಮೂಳೆಯದೂ ಸ್ನಾಯುವಿನದೂ ಇದೇ ಕಥೆ. ಮೂಳೆ ನಿರಂತರವಾಗಿ ಕರಗುತ್ತ, ಕಟ್ಟಿಕೊಳ್ಳುತ್ತ ಇರುವ ಅಂಗ. ಭಾರ ಬಿದ್ದ ಕಡೆ ಕಟ್ಟುವ ಕೆಲಸ ಜೋರಾಗುತ್ತದೆ. ಭಾರವೇ ಇಲ್ಲವೆಂದಾಗ ಕರಗಿಸುವ ಜೀವಕೋಶಗಳದೇ ದರ್ಬಾರು. ಇದನ್ನು ಮೊದಲ ಬಾರಿಗೆ ಪಟ್ಟುಹಿಡಿದು ಅಳೆದದ್ದು 1973-74ರಲ್ಲಿ ಅಮೆರಿಕದ ಸ್ಕೈಲ್ಯಾಬ್ ನಿಲ್ದಾಣ. ಮೂರು ತಂಡಗಳು ಕ್ರಮವಾಗಿ 28, 59, 84 ದಿನ ಅಲ್ಲಿದ್ದವು. ತಿಂದ ಪ್ರತಿ ತುತ್ತಿನ ಲೆಕ್ಕ ಬರೆಯಬೇಕು. ಮಲವನ್ನು ತೂಗಿ ಒಣಗಿಸಿ, ಮೂತ್ರದ ಮಾದರಿಯನ್ನು ಹೆಪ್ಪುಗಟ್ಟಿಸಿ ಭೂಮಿಗೆ ತರಬೇಕು. ವೀರಗಾಥೆಗಳಲ್ಲಿ ಬಾರದ ಕೆಲಸ ಇದು, ಆದರೆ ನನ್ನ ಮಟ್ಟಿಗೆ ಸ್ಕೈಲ್ಯಾಬ್‌ನ ದೊಡ್ಡ ಸಾಧನೆಯೂ ಇದೇ. ಒಳಗೆ ಹೋದ ಕ್ಯಾಲ್ಸಿಯಂಗಿಂತ ಹೊರಗೆ ಹೋಗುವುದೇ ಹೆಚ್ಚು ಎಂಬುದೂ, ಎಂಬತ್ತು ದಿನ ಕಳೆದರೂ ಆ ಸೋರಿಕೆ ನಿಲ್ಲುವ ಲಕ್ಷಣ ಇಲ್ಲವೆಂಬುದೂ ಅದರಿಂದ ತಿಳಿಯಿತು. ಹೊರಹೋಗುವ ಕ್ಯಾಲ್ಸಿಯಂ ಮೂತ್ರಪಿಂಡದಲ್ಲಿ ಕಲ್ಲಾಗುವ ಅಪಾಯ ಬೇರೆ. ವ್ಯಾಯಾಮದ ಅವಧಿಯನ್ನು ಮೊದಲ ತಂಡಕ್ಕೆ ಅರ್ಧ ಗಂಟೆ, ಎರಡನೆಯದಕ್ಕೆ ಒಂದು, ಮೂರನೆಯದಕ್ಕೆ ಒಂದೂವರೆ ಗಂಟೆ ಎಂದು ಏರಿಸುತ್ತ ಹೋದರು. ಎಲ್ಲರಿಗಿಂತ ಹೆಚ್ಚು ದಿನ ಇದ್ದ ಮೂರನೇ ತಂಡವೇ ಎಲ್ಲರಿಗಿಂತ ಒಳ್ಳೆಯ ಸ್ಥಿತಿಯಲ್ಲಿ ಇಳಿಯಿತು.

ಸೋವಿಯತ್ತರು ಅಷ್ಟರಲ್ಲಿ ವೈದ್ಯರನ್ನೇ ಮೇಲೆ ಕಳಿಸಲು ಶುರುಮಾಡಿದ್ದರು. 1984ರ ಏಪ್ರಿಲ್‌ನಲ್ಲಿ ರಾಕೇಶ್ ಶರ್ಮ ಸಲ್ಯೂತ್ 7 ನಿಲ್ದಾಣಕ್ಕೆ ಹೋದಾಗ ಅಲ್ಲಿ ಹೃದ್ರೋಗ ತಜ್ಞ ಒಲೆಗ್ ಆತ್ಕೊವ್ ಆಗಲೇ ಬೀಡುಬಿಟ್ಟಿದ್ದರು. ಆತ್ಕೊವ್ ಒಟ್ಟು 237 ದಿನ ಅಲ್ಲಿದ್ದರು. ಶರ್ಮ ಅವರು ತೂಕವಿಲ್ಲದ ಸ್ಥಿತಿಗೆ ಹೊಂದಿಕೊಳ್ಳಲು ಯೋಗಾಸನ ನೆರವಾಗುತ್ತದೆಯೇ ಎಂದು ಪರೀಕ್ಷಿಸಿದರು. ಪದ್ಮಾಸನವನ್ನೇನೋ ಹಾಕಬಹುದು, ಕೂರುವುದೆಲ್ಲಿ? ಮೈಯನ್ನು ಪಟ್ಟಿಯಿಂದ ಬಿಗಿದುಕೊಂಡೇ ಮಾಡಬೇಕಾಯಿತು. ಒಂದು ವಾರದ ಪ್ರಯೋಗದಿಂದ ಹೆಚ್ಚೇನೂ ಸಾಬೀತಾಗಲಿಲ್ಲ. ಅವರ ಜೊತೆ ಹೋದ ರವೆ ಹಲ್ವ, ಪಲಾವ್ ತಯಾರಾದದ್ದು ಮಾತ್ರ ನಮ್ಮ ಮೈಸೂರಿನ ರಕ್ಷಣಾ ಆಹಾರ ಸಂಶೋಧನಾಲಯದಲ್ಲಿ.

ವೈದ್ಯನೇ ಪ್ರಯೋಗಪಶುವಾದ ಕಥೆಯ ತುದಿ ವಲೇರಿ ಪೊಲ್ಯಕೊವ್. 1994ರ ಜನವರಿಯಲ್ಲಿ ಮೀರ್ ನಿಲ್ದಾಣಕ್ಕೆ ಹೋದ ಅವರು 437 ದಿನ ಅಲ್ಲೇ ಇದ್ದು 1995ರ ಮಾರ್ಚ್ 22ರಂದು ಇಳಿದರು. ಒಂದೇ ಹಾರಾಟದಲ್ಲಿ ಇಷ್ಟು ದಿನ ಕಳೆದವರು ಇನ್ನೊಬ್ಬರಿಲ್ಲ. ಮಂಗಳಕ್ಕೆ ಹೋಗಿ ಇಳಿದವನು ಕೆಲಸ ಮಾಡಬಲ್ಲನೇ ಎಂಬುದು ಅವರೆದುರಿಗಿದ್ದ ಪ್ರಶ್ನೆ. ಇಳಿದ ಯಾತ್ರಿಗಳನ್ನು ಎತ್ತಿಕೊಂಡು ಹೋಗುವುದು ರೂಢಿ. ಪೊಲ್ಯಕೊವ್ ನೌಕೆಯಿಂದ ಪಕ್ಕದ ಕುರ್ಚಿಯವರೆಗಿನ ಆ ಒಂದೆರಡು ಮಾರು ದೂರವನ್ನು ತಾವೇ ನಡೆದರು. ಸೊಯುಜ್ 9ರ ಇಬ್ಬರು ಹದಿನೆಂಟು ದಿನಕ್ಕೆ ಕುಸಿದಿದ್ದರು ಎಂಬುದನ್ನು ನೆನೆದರೆ ನಡುವಿನ ಕಾಲು ಶತಮಾನದ ವ್ಯಾಯಾಮಶಾಸ್ತ್ರ ಏನು ಮಾಡಿತೆಂಬುದು ತಿಳಿಯುತ್ತದೆ.

ಆದರೂ ಮೂಳೆ ಸವೆತ ನಿಂತಿರಲಿಲ್ಲ. ಸೊಂಟದ ಮೂಳೆಯಲ್ಲಿ ತಿಂಗಳಿಗೆ ಶೇ 1ರಿಂದ 1.5ರಷ್ಟು ಸಾಂದ್ರತೆ ಹೋಗುತ್ತಿತ್ತು; ಮುಟ್ಟು ನಿಂತ ಮಹಿಳೆಯರಲ್ಲಿ ಇಷ್ಟು ಸವೆಯಲು ಹೆಚ್ಚುಕಡಿಮೆ ಒಂದು ವರ್ಷ ಬೇಕು. ಸೈಕಲ್ ತುಳಿದರೆ ಹೃದಯಕ್ಕೆ ಒಳ್ಳೆಯದು, ಮೂಳೆಗೆ ಭಾರ ಬೇಕು. ಭಾರವೇ ಇಲ್ಲದ ಊರಲ್ಲಿ ಭಾರ ಎತ್ತುವುದು ಹೇಗೆ? 2008ರ ಕೊನೆಗೆ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಸೇರಿದ ‘ಎಆರ್‌ಇಡಿ’ ಎಂಬ ಯಂತ್ರ ಇದಕ್ಕೆ ಉತ್ತರ. ಅದರಲ್ಲಿ ಗಾಳಿ ತೆಗೆದ ಎರಡು ಉರುಳೆಗಳಿವೆ, ಒಳಗೆ ಪಿಸ್ಟನ್. ಪಿಸ್ಟನ್ ಎಳೆದರೆ ನಿರ್ವಾತ ಅದನ್ನು ಹಿಂದಕ್ಕೆ ಸೆಳೆಯುತ್ತದೆ. ಆ ಸೆಳೆತವೇ ತೂಕ, 270 ಕಿಲೋವರೆಗೂ ಏರಿಸಬಹುದು. ಹೆಗಲ ಮೇಲೆ ಸರಳು ಇಟ್ಟುಕೊಂಡು ಬಸ್ಕಿ ಹೊಡೆಯಬೇಕು. ಯಂತ್ರವನ್ನು ಗೋಡೆಗೆ ನೇರವಾಗಿ ಬಿಗಿದರೆ ಒಬ್ಬರ ಬಸ್ಕಿಗೆ ಇಡೀ ನಿಲ್ದಾಣ ನಡುಗಿ ಮಿಕ್ಕವರ ಪ್ರಯೋಗಗಳು ಹಾಳಾಗುತ್ತವೆ, ಹಾಗಾಗಿ ಅದನ್ನು ತೇಲುಬಿಟ್ಟಂತೆ ಕೂರಿಸಿದ್ದಾರೆ. ಟ್ರೆಡ್‌ಮಿಲ್ ಮೇಲೆ ಓಡುವವರನ್ನು ಹೆಗಲು, ಸೊಂಟಕ್ಕೆ ಪಟ್ಟಿ ಕಟ್ಟಿ ಕೆಳಕ್ಕೆ ಜಗ್ಗಿರುತ್ತಾರೆ. ಪಟ್ಟಿ ಉಜ್ಜಿ ಚರ್ಮ ಕೆಂಪಾಗುತ್ತದೆ. ಬೆವರು ತೊಟ್ಟಿಕ್ಕುವುದಿಲ್ಲ, ಮೈಮೇಲೆ ಗೋಂದಿನಂತೆ ಕವಿದು ಕೂರುತ್ತದೆ, ಟವೆಲ್ಲಿನಿಂದ ಬಳಿದು ತೆಗೆಯಬೇಕು. ಇದಕ್ಕೆಲ್ಲ ದಿನಕ್ಕೆ ಸುಮಾರು ಎರಡೂವರೆ ಗಂಟೆ.

ಫಲ ಸಿಕ್ಕಿತು. ಈ ಯಂತ್ರ ಬಳಸಿ, ಸರಿಯಾಗಿ ಉಂಡು, ವಿಟಮಿನ್ ಡಿ ತೆಗೆದುಕೊಂಡವರು ಬಹುತೇಕ ಹೋದಾಗಿನ ಮೂಳೆ ಸಾಂದ್ರತೆಯನ್ನೇ ಉಳಿಸಿಕೊಂಡು ಬಂದರೆಂದು 2012ರಲ್ಲಿ ವರದಿಯಾಯಿತು. ಮೂಳೆ ಸವೆತದ ಹಿರಿಯರಿಗೆ ಕೊಡುವ ಅಲೆಂಡ್ರೊನೇಟ್ ಮಾತ್ರೆಯನ್ನು ವಾರಕ್ಕೊಂದರಂತೆ ಸೇರಿಸಿದಾಗ ಇನ್ನೂ ಒಳ್ಳೆಯ ಫಲಿತಾಂಶ ಬಂತು. ಆದರೆ 17 ಯಾತ್ರಿಗಳ ಮೂಳೆಯ ಒಳರಚನೆಯನ್ನು ಸೂಕ್ಷ್ಮವಾಗಿ ಚಿತ್ರಿಸಿ 2022ರಲ್ಲಿ ಪ್ರಕಟಿಸಿದ ಅಧ್ಯಯನ ಆ ಸಂಭ್ರಮಕ್ಕೆ ಕಡಿವಾಣ ಹಾಕಿತು. ಮರಳಿ ಒಂದು ವರ್ಷವಾದರೂ ಅವರಲ್ಲಿ ಒಂಬತ್ತು ಜನರ ಮೊಳಕಾಲ ಕೆಳಗಿನ ಮೂಳೆ ಪೂರ್ತಿ ಚೇತರಿಸಿರಲಿಲ್ಲ.

ಮೂಳೆಯ ಸಮಸ್ಯೆ ಹತೋಟಿಗೆ ಬಂತು ಎನ್ನುವಷ್ಟರಲ್ಲಿ ಕಣ್ಣು ಬಂತು. ದೀರ್ಘಕಾಲ ಇದ್ದು ಬಂದ ಏಳು ಯಾತ್ರಿಗಳನ್ನು ಪರೀಕ್ಷಿಸಿದ ವೈದ್ಯರು 2011ರಲ್ಲಿ ಬರೆದ ವರದಿಯಲ್ಲಿ ದೃಷ್ಟಿನರದ ಬುಡ ಊದಿದ್ದು, ಕಣ್ಣುಗುಡ್ಡೆಯ ಹಿಂಭಾಗ ಚಪ್ಪಟೆಯಾದದ್ದು, ಹತ್ತಿರದ್ದು ಓದಲು ಕನ್ನಡಕ ಬೇಕಾದದ್ದು ದಾಖಲಾದವು. ಗ್ಲೆನ್ ಕಾಲದ ಶಂಕೆ ನಿಜವಾಗಿತ್ತು. ಅದು ತಲೆಯೆತ್ತಲು ಕೆಲವು ಗಂಟೆ ಸಾಲದು, ತಿಂಗಳುಗಳು ಬೇಕಿದ್ದವು ಅಷ್ಟೆ. ತಲೆಗೇರಿದ ದ್ರವವೇ ಕಾರಣವೆಂದು ಬಹುಮಂದಿ ನಂಬುತ್ತಾರೆ, ಆದರೆ ಕಾರ್ಯವಿಧಾನದ ಬಗ್ಗೆ ಒಮ್ಮತವಿಲ್ಲ. ವ್ಯಾಯಾಮದಿಂದ ಇದು ನಿಂತಿಲ್ಲ. ಕತ್ತಿನ ಅಭಿಧಮನಿಯಲ್ಲಿ ರಕ್ತ ಕೆಲವರಲ್ಲಿ ನಿಂತೇಬಿಡುತ್ತದೆ, ಕೆಲವರಲ್ಲಿ ಹಿಂದಕ್ಕೂ ಹರಿಯುತ್ತದೆ ಎಂದು 2019ರಲ್ಲಿ ಗೊತ್ತಾಯಿತು. ಒಬ್ಬ ಯಾತ್ರಿಯ ಕತ್ತಿನಲ್ಲಿ ರಕ್ತ ಹೆಪ್ಪುಗಟ್ಟಿದ್ದು ಸಂಶೋಧನೆಗೆಂದು ಸ್ಕ್ಯಾನ್ ಮಾಡುವಾಗ ಅಕಸ್ಮಾತ್ ಕಣ್ಣಿಗೆ ಬಿತ್ತು. ನಿಲ್ದಾಣದ ಔಷಧಪೆಟ್ಟಿಗೆಯಲ್ಲಿದ್ದ ಹೆಪ್ಪುನಿರೋಧಕ ಚುಚ್ಚುಮದ್ದನ್ನು ಎಣಿಸಿ ಎಣಿಸಿ ಕೊಟ್ಟು, ಸರಕು ನೌಕೆಯಲ್ಲಿ ಮಾತ್ರೆ ಬರುವವರೆಗೆ ಕಾಯಬೇಕಾಯಿತು. ಮಂಗಳದ ದಾರಿಯಲ್ಲಿ ಸರಕು ನೌಕೆ ಬರುವುದಿಲ್ಲ.

ಆ ದಾರಿಯಲ್ಲಿ ಇನ್ನೊಂದು ಗಂಡಾಂತರ ವಿಕಿರಣ. ಕಕ್ಷೆಯ ನಿಲ್ದಾಣಕ್ಕೆ ಭೂಮಿಯ ಕಾಂತಕ್ಷೇತ್ರದ ರಕ್ಷಣೆ ಇದೆ, ಆಚೆಗೆ ಇಲ್ಲ. ಕ್ಯೂರಿಯಾಸಿಟಿ ನೌಕೆಯಲ್ಲಿದ್ದ ಉಪಕರಣದ ಅಳತೆಯಂತೆ ಮಂಗಳಕ್ಕೆ ಹೋಗಿಬರುವ ಪಯಣದಲ್ಲೇ ಸುಮಾರು 660 ಮಿಲಿಸೀವರ್ಟ್ ತಗಲುತ್ತದೆ. ನಾಸಾ ಒಬ್ಬ ಯಾತ್ರಿಯ ಇಡೀ ವೃತ್ತಿಜೀವನಕ್ಕೆ ಇಟ್ಟಿರುವ ಮಿತಿ 600. ನೀರು, ಪಾಲಿಥೀನಿನಂಥ ಜಲಜನಕ ಹೆಚ್ಚಿರುವ ವಸ್ತುಗಳ ಗೋಡೆ ಸ್ವಲ್ಪ ತಡೆದೀತು. ಬೇಗ ಹೋಗಿ ಬೇಗ ಬರುವುದೇ ಸದ್ಯದ ಮದ್ದು.

ಈ ಶಾಸ್ತ್ರದ ಬಹುಪಾಲು ಕೆಲಸ ನಡೆದದ್ದು ಹಾಸಿಗೆಯ ಮೇಲೆ ಎಂದರೆ ಅಚ್ಚರಿಯಾದೀತು. ತಲೆಯ ಕಡೆ ಆರು ಡಿಗ್ರಿ ತಗ್ಗಿಸಿದ ಮಂಚದಲ್ಲಿ ಆರೋಗ್ಯವಂತ ಸ್ವಯಂಸೇವಕರನ್ನು ವಾರಗಟ್ಟಲೆ ಮಲಗಿಸುತ್ತಾರೆ. ಊಟ, ಸ್ನಾನ, ಶೌಚ ಎಲ್ಲ ಮಲಗಿದಲ್ಲೇ. ಮೂಳೆ, ಸ್ನಾಯು, ರಕ್ತ ಮೂರೂ ಕಕ್ಷೆಯಲ್ಲಿರುವಂತೆಯೇ ನಡೆದುಕೊಳ್ಳುತ್ತವೆ. 1986-87ರಲ್ಲಿ ಮಾಸ್ಕೋದಲ್ಲಿ 370 ದಿನ ಹೀಗೆ ಮಲಗಿದವರಿದ್ದಾರೆ. ಗಗಾರಿನ್ ಹೆಸರು ಗೊತ್ತಿರುವವರಲ್ಲಿ ಇವರ ಹೆಸರು ಬಲ್ಲವರೆಷ್ಟು ಮಂದಿ?

2019ರಲ್ಲಿ ಜರ್ಮನಿಯ ಕಲೋನ್‌ನಲ್ಲಿ ನಡೆದ ಅರುವತ್ತು ದಿನದ ಇಂಥದೇ ಪ್ರಯೋಗದಲ್ಲಿ ಕೆಲವರನ್ನು ದಿನಕ್ಕೆ ಮೂವತ್ತು ನಿಮಿಷ ತಿರುಗುಯಂತ್ರದಲ್ಲಿ ಸುತ್ತಿಸಿದರು. ಕೃತಕ ಗುರುತ್ವದ ಪರೀಕ್ಷೆ ಇದು. ಒಂದೊಂದು ಅಂಗಕ್ಕೆ ಒಂದೊಂದು ಮದ್ದು ಹುಡುಕುವ ಬದಲು ಕಳೆದುಹೋದ ಗುರುತ್ವವನ್ನೇ ಮರಳಿ ಕೊಡುವುದು ನೇರವಾದ ದಾರಿ. 1977ರಲ್ಲೇ ಸೋವಿಯತ್ ಉಪಗ್ರಹವೊಂದರಲ್ಲಿ ಇಲಿಗಳನ್ನು, 2016ರಲ್ಲಿ ಅಂತರರಾಷ್ಟ್ರೀಯ ನಿಲ್ದಾಣದಲ್ಲಿರುವ ಜಪಾನಿನ ಕಿಬೊ ಪ್ರಯೋಗಾಲಯದಲ್ಲಿ ಸುಂಡಿಲಿಗಳನ್ನು ತಿರುಗಿಸಿ ನೋಡಲಾಗಿದೆ; ಕಿಬೊದಲ್ಲಿ ತಿರುಗಿದ ಸುಂಡಿಲಿಗಳ ಮೂಳೆ, ಸ್ನಾಯು ಉಳಿದವು. ಮನುಷ್ಯರಿಗೆ ಬೇಕಾದಷ್ಟು ದೊಡ್ಡ ತಿರುಗುನೌಕೆಯನ್ನು ಮಾತ್ರ ಇನ್ನೂ ಯಾರೂ ಕಟ್ಟಿಲ್ಲ. ವೈದ್ಯರು ಕೇಳುತ್ತಲೇ ಬಂದಿದ್ದಾರೆ, ಎಂಜಿನಿಯರುಗಳು ತೂಕ, ಖರ್ಚು ತೋರಿಸಿ ಮುಂದೂಡುತ್ತಲೇ ಬಂದಿದ್ದಾರೆ. ಬಸ್ಕಿಯ ಯಂತ್ರ ಇಷ್ಟು ಚೆನ್ನಾಗಿ ಕೆಲಸ ಮಾಡದೇ ಇದ್ದಿದ್ದರೆ ಈ ಮುಂದೂಡಿಕೆ ಇಷ್ಟು ಸಲೀಸಾಗುತ್ತಿರಲಿಲ್ಲ ಎಂದು ನನ್ನ ಅನಿಸಿಕೆ.

2025ರ ಜೂನ್-ಜುಲೈನಲ್ಲಿ ಭಾರತದ ಶುಭಾಂಶು ಶುಕ್ಲಾ ನಿಲ್ದಾಣದಲ್ಲಿ ಹದಿನೆಂಟು ದಿನ ಕಳೆದರು. ಅವರು ಕೊಂಡೊಯ್ದ ಪ್ರಯೋಗಗಳಲ್ಲಿ ಸ್ನಾಯುವಿನ ಕಾಂಡಕೋಶಗಳದ್ದು ಬೆಂಗಳೂರಿನ ಇನ್‌ಸ್ಟೆಮ್ ಸಂಸ್ಥೆಯದು. ಮೊಳಕೆ ಬರಿಸಿದ ಹೆಸರುಕಾಳು, ಮೆಂತ್ಯ ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮತ್ತು ಐಐಟಿಯವು. ಇಳಿದ ಮೇಲೆ ಕೈಗೆ ಕೊಟ್ಟ ಮೊಬೈಲು ಭಾರವೆನಿಸಿತಂತೆ. ಮಂಚದ ಮೇಲೆ ಕುಳಿತು ಕೆಲಸ ಮುಗಿಸಿ ಲ್ಯಾಪ್‌ಟಾಪನ್ನು ಪಕ್ಕಕ್ಕೆ ತಳ್ಳಿ ಬಿಟ್ಟರಂತೆ, ತೇಲುತ್ತದೆಂದು. ನೆಲಕ್ಕೆ ಹಾಸಿದ್ದ ಕಾರ್ಪೆಟ್ಟು ಅದನ್ನು ಉಳಿಸಿತು.

ಭಾರತದ ಗಗನಯಾನ ಯೋಜನೆಗೆ ಶುಕ್ಲಾ ಸೇರಿ ನಾಲ್ವರನ್ನು ಆರಿಸಿದ್ದು ಬೆಂಗಳೂರಿನ ವಾಯುಪಡೆಯ ಅಂತರಿಕ್ಷ ವೈದ್ಯಕೀಯ ಸಂಸ್ಥೆಯಲ್ಲಿ. ಗಗನಯಾನದಲ್ಲಿ ಯೋಜಿಸಿರುವುದು ಮೂರು ದಿನಗಳ ಹಾರಾಟ, ಆದ್ದರಿಂದ ಮೂಳೆಯ ಚಿಂತೆ ಇಲ್ಲ, ಕಾಡುವುದೇನಿದ್ದರೂ ಟಿಟೋವ್‌ರ ಹೊಟ್ಟೆ ತೊಳಸುವಿಕೆ. ಆ ಮೂರು ದಿನವೇ ಅದರ ಕಾಟ ಜೋರಾಗಿರುವ ಮೂರು ದಿನ ಎಂಬುದು ತೊಡಕು. 2035ರ ಹೊತ್ತಿಗೆ ನಿಲ್ದಾಣ ಕಟ್ಟುವ ಗುರಿ ಇಟ್ಟುಕೊಂಡವರು ಬಸ್ಕಿಯ ಯಂತ್ರದ ಬಗ್ಗೆಯೂ ಯೋಚಿಸಬೇಕಾಗುತ್ತದೆ. ಚಂದ್ರನತ್ತ ಹೋಗುವ ಒರಾಯನ್ ನೌಕೆಗೆ ನಾಸಾ ಮಾಡಿರುವ ವ್ಯಾಯಾಮ ಸಾಧನ ವಿಮಾನದೊಳಗೆ ಒಯ್ಯುವ ಸೂಟ್‌ಕೇಸಿನಷ್ಟು ದೊಡ್ಡದು, ತೂಕ ಸುಮಾರು 14 ಕಿಲೋ. ಒಂದು ಗಾಲಿ, ಒಂದು ಹಗ್ಗ. ಹಗ್ಗ ಎಳೆದಷ್ಟೇ ಜೋರಾಗಿ ಗಾಲಿ ಹಿಂದಕ್ಕೆ ಎಳೆಯುತ್ತದೆ, 180 ಕಿಲೋ ಭಾರದವರೆಗೂ.